ಪರದೆಯೊಳಗೆ ಸರಿದ ಅಣ್ಣ

ಸುರಗಿಪುರವೆಂಬ ರಾಜ್ಯವೊಂದಿತ್ತು. ಕಲ್ಲಿಗೂ ಮಾತು ಬರುತ್ತಿದ್ದ ಕಾಲ ಅದು; ಹಾಗಾಗಿ ಇದು ನಿನ್ನೆ ಮೊನ್ನೆಯ ಕತೆಯಲ್ಲ. ಅಲ್ಲಿನ ಅರಸನಿಗೆ ನಾಟಕವೆಂದರೆ ಪ್ರಾಣ. ಅರಮನೆಯ ಮುಂದೆ ದೊಡ್ಡ ರಂಗಮಂಟಪ ಕಟ್ಟಿಸಿ, ಅದನ್ನು ಬಾಚಯ್ಯನೆಂಬವನ ಮೇಳಕ್ಕೆ ಬಿಟ್ಟುಕೊಟ್ಟಿದ್ದ.

ಬಾಚಯ್ಯನಿಗೆ ಇಬ್ಬರು ಮಕ್ಕಳು. ಮಗ ಕೇತಣ್ಣ ರಾಜಕುಮಾರನ ವೇಷ ಹಾಕುತ್ತಿದ್ದ. ಮಗಳು ಹೊನ್ನಾಜಿ ಪರದೆ ಬರೆಯುತ್ತಿದ್ದಳು. ತಾಯಿಯಿಲ್ಲದ ಹುಡುಗಿಗೆ ತಲೆ ಬಾಚಿ ಜಡೆ ಹಾಕಿದವನು ಅಣ್ಣನೇ. ಇದ್ದಿಲು ಹಿಡಿದು ಗೋಡೆಯ ಮೇಲೆ ಗೆರೆ ಎಳೆಯಲು ಕಲಿಸಿದವನೂ ಅವನೇ. ಅವಳ ಕೈಗೆ ಗೆರೆ ಬೇಗ ಒಲಿಯಿತು. ಅವಳು ಬರೆದ ಮಾವಿನಮರ ನೋಡಿ ಮಕ್ಕಳು ಕಲ್ಲೆಸೆದದ್ದೂ ಉಂಟು.

ಆದರೆ ನಾಟಕ ಮುಗಿದ ಮೇಲೆ ಜನ ಮುತ್ತುತ್ತಿದ್ದದ್ದು ಕೇತಣ್ಣನನ್ನು. ಪರದೆ ಬರೆದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಒಂದು ಸಲ ಅರಮನೆಯ ಹೆಂಗಸೊಬ್ಬಳು ಹೊನ್ನಾಜಿಯನ್ನು ಕಂಡು, "ನೀನು ದೀಪಕ್ಕೆ ಎಣ್ಣೆ ಹೊಯ್ಯುವವಳಲ್ಲವೇನೇ?" ಎಂದಳು. ಪಕ್ಕದಲ್ಲಿದ್ದ ಕೇತಣ್ಣ ನಕ್ಕುಬಿಟ್ಟ. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಆದರೂ ಆ ನಗು ಅವಳೊಳಗೆ ಮುಳ್ಳು ಮುರಿದಂತೆ ಉಳಿದುಬಿಟ್ಟಿತು.

ಹೀಗಿರುವಾಗ, ಅವಳು ಪರದೆ ಬರೆಯುವ ಚಪ್ಪರಕ್ಕೆ ಒಬ್ಬ ಮುದುಕ ಬಂದ. ಮಳೆಗೆ ನೆನೆದು ಬಿಸಿಲಿಗೆ ಬಿರಿದ ಸುಣ್ಣದ ಗೋಡೆಯಂತಿತ್ತು ಅವನ ಮುಖ. ಅವನು ಉದ್ದಂಡನೆಂಬ ಮಾಟಗಾರ. ಅವಳಿಗೆ ಅದು ತಿಳಿದಿರಲಿಲ್ಲ.

"ನದಿ ಚೆನ್ನಾಗಿ ಬರೆದಿದ್ದೀಯಮ್ಮ. ಆದರೆ ಹರಿಯುವುದಿಲ್ಲವಲ್ಲ" ಎಂದ.

"ಬಟ್ಟೆಯ ಮೇಲಿನ ನದಿ ಹರಿದೀತೇ ಅಜ್ಜ?"

"ನನ್ನ ಬಣ್ಣದಲ್ಲಿ ಬರೆದರೆ ಹರಿಯುತ್ತದೆ. ಬೆಲೆ ಬೇಡ. ಒಂದೇ ಮಾತು: ಪರದೆಯಲ್ಲಿ ಬೆರಳಗಲ ಜಾಗವನ್ನೂ ಖಾಲಿ ಬಿಡಬಾರದು."

ಹೊನ್ನಾಜಿ ಒಪ್ಪಿದಳು. ಆ ಬಣ್ಣದಲ್ಲಿ ನದಿ ಬರೆದಳು. ನದಿ ಸದ್ದು ಮಾಡುತ್ತ ಹರಿಯಿತು. ಜಿಂಕೆ ಬರೆದಳು, ಜಿಂಕೆ ಕಿವಿ ಅಲುಗಿಸಿತು. ಉಪ್ಪರಿಗೆ ಬರೆದಳು, ತೋಟ ಬರೆದಳು, ತೋಟದಲ್ಲಿ ಒಂದೊಂದು ಹೂವನ್ನೂ ಬರೆದಳು. ಬಾಚಯ್ಯ ಬಂದು ನೋಡಿದ.

"ಮಗಳೇ, ನಡುವೆಯೂ ಇಷ್ಟೊಂದು ತುಂಬಿಸಿದ್ದೀಯಲ್ಲ. ಇದರ ಮುಂದೆ ವೇಷ ಹೇಗೆ ಕಾಣುತ್ತದೆ?"

"ಯಾವಾಗಲೂ ಅಣ್ಣನೇ ಕಾಣಬೇಕೇ ಅಪ್ಪ?"

ಬಾಚಯ್ಯ ತಲೆ ತಗ್ಗಿಸಿಕೊಂಡು ಹೊರಟುಹೋದ.

ಅರಸನ ಹುಟ್ಟುಹಬ್ಬದ ದಿನ ಪರದೆ ಇಳಿಯಿತು. ಸಭೆಗೆ ಸಭೆಯೇ ಎದ್ದುನಿಂತಿತು. ಕೇತಣ್ಣ ಕಿರೀಟ ಹೊತ್ತು ರಂಗಕ್ಕೆ ಬಂದ; ಯಾರೂ ನೋಡಲಿಲ್ಲ. ಮಾತಾಡಿದ, ಯಾರೂ ಕೇಳಲಿಲ್ಲ. "ಏ, ಪಕ್ಕಕ್ಕೆ ಸರಿಯೋ, ಜಿಂಕೆ ಕಾಣೋದಿಲ್ಲ!" ಎಂದು ಒಬ್ಬ ಕೂಗಿದ. ಕೇತಣ್ಣ ಬಲಕ್ಕೆ ಸರಿದ, ಎಡಕ್ಕೆ ಸರಿದ. ಕೊನೆಗೆ ರಂಗದ ಪಕ್ಕದಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿ ಪಿಸುಗುಟ್ಟಿದ:

"ಎಲ್ಲಿ ನಿಂತುಕೊಳ್ಳಲೇ ಹೊನ್ನಿ?"

ಅವಳ ಕಣ್ಣು ಜನರ ಮೇಲಿತ್ತು. ಅವರೆಲ್ಲ ಬಾಯಿ ತೆರೆದು ತನ್ನ ಪರದೆಯನ್ನೇ ನೋಡುತ್ತಿದ್ದರು.

"ಎಲ್ಲಾದರೂ ನಿಂತುಕೋ. ಚಿತ್ರಕ್ಕೆ ಅಡ್ಡ ಬರಬೇಡ" ಎಂದಳು.

ಕೇತಣ್ಣ ಒಂದು ಹೆಜ್ಜೆ ಹಿಂದೆ ಇಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಪರದೆಯೊಳಗೆ ಹೋಗಿಬಿಟ್ಟ. ನದಿಯ ದಡದಲ್ಲಿ ಬೆನ್ನು ತೋರಿಸಿ ನಿಂತ ಒಂದು ಚಿಕ್ಕ ಚಿತ್ರವಾದ. ಇದೂ ಆಟದ ಚಮತ್ಕಾರವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಆಗ ಉದ್ದಂಡ ರಂಗ ಹತ್ತಿದ. ಪರದೆಯನ್ನು ಚಾಪೆಯಂತೆ ಸುತ್ತಿ ಹೆಗಲಿಗೇರಿಸಿಕೊಂಡ. "ಚಿತ್ರದೊಳಗೆ ಹೋದವನ ಆಯುಷ್ಯ ನನ್ನದು. ನೀಲಿಗುಡ್ಡದಲ್ಲಿ ಕೂತು ನಿಧಾನವಾಗಿ ಉಣ್ಣುತ್ತೇನೆ" ಎಂದು ಹೇಳಿ, ಗಾಳಿಯ ಮೇಲೆ ನಡೆದು ಹೋದ.

ಬಾಚಯ್ಯ ಮಗಳನ್ನು ಬಯ್ಯಲಿಲ್ಲ. "ಅವನನ್ನು ಕರೆದುಕೊಂಡು ಬಾ" ಎಂದಷ್ಟೇ ಹೇಳಿದ. ಬೈದಿದ್ದರೆ ಅವಳಿಗೆ ನಡೆಯುವುದು ಸುಲಭವಾಗುತ್ತಿತ್ತು. ಇದ್ದಿಲಿನ ಚೀಲ, ಒಂದು ಹಣತೆ, ಒಂದು ಬಿಳಿಯ ಪಂಚೆ ಕಟ್ಟಿಕೊಂಡು ಹೊನ್ನಾಜಿ ಹೊರಟಳು.

ನಡೆದಳು, ನಡೆದಳು, ಗುಡ್ಡದ ಬುಡಕ್ಕೆ ಬಂದಳು. ಅಲ್ಲಿ ಕಣಿವೆಗೆ ಅಡ್ಡಲಾಗಿ ಒಂದು ಕಲ್ಲಾನೆ ನಿಂತಿತ್ತು.

"ದಾರಿ ಬಿಡು ಆನೆಯಪ್ಪ, ನನ್ನ ಅಣ್ಣನನ್ನು ಕರೆತರಬೇಕು."

"ಉದ್ದಂಡ ನನ್ನನ್ನು ಕಲ್ಲು ಮಾಡಿ ಇಲ್ಲಿ ನಿಲ್ಲಿಸಿದ. ನಾನು ಹುಟ್ಟಿದ ಕಾಡನ್ನು ಒಮ್ಮೆ ತೋರಿಸು, ಬಿಡುತ್ತೇನೆ."

ಹೊನ್ನಾಜಿ ಎದುರಿನ ಬಂಡೆಯ ಮೇಲೆ ಇದ್ದಿಲಿನಿಂದ ಕಾಡು ಬರೆಯತೊಡಗಿದಳು. ಒಂದೊಂದು ಎಲೆ, ಎಲೆಯ ಒಂದೊಂದು ನರ. ಬೆರಳು ಒಡೆದವು. ಆನೆ ನೋಡಿ, "ಅಲ್ಲೇನೋ ಮಸಿ ಮೆತ್ತಿದೆ. ಕಾಡೆಲ್ಲಿ?" ಎಂದಿತು.

ಅವಳಿಗೆ ಸಿಟ್ಟು ಬಂತು. "ನಿನಗೆ ಕಣ್ಣಿಲ್ಲ" ಎಂದಳು.

"ಬಂದು ನನ್ನ ಪಕ್ಕದಲ್ಲಿ ನಿಂತು ನೀನೇ ನೋಡಮ್ಮ."

ಹೋಗಿ ನಿಂತು ನೋಡಿದಳು. ನಿಜವಾಗಿಯೂ ಮಸಿಯೇ. ಇಷ್ಟು ವರ್ಷ ಪರದೆಗೆ ಮೂಗು ತಾಗಿಸಿ ಬರೆದವಳು, ನೋಡುವವರು ಕೂರುವ ಜಾಗದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಎಲೆಗಳನ್ನೆಲ್ಲ ಅಂಗೈಯಿಂದ ಒರೆಸಿದಳು. ಮರಗಳ ದಪ್ಪ ದಪ್ಪ ಬೊಡ್ಡೆಗಳ ಗೆರೆ ಎಳೆದು, ನಡುವೆ ಒಂದು ಆನೆ ಹೋಗುವಷ್ಟು ಜಾಗ ಬಿಟ್ಟಳು. ಕಲ್ಲಾನೆಯ ಕಣ್ಣಲ್ಲಿ ನೀರು ಬಂತು. ನೀರು ಬಿದ್ದಲ್ಲೆಲ್ಲ ಕಲ್ಲು ಚರ್ಮವಾಯಿತು. ಆನೆ ಆ ಜಾಗದೊಳಕ್ಕೆ ನಡೆದು ತನ್ನ ಕಾಡಿಗೆ ಹೋಯಿತು.

ಮುಂದೆ ದಾರಿ ಒಂದು ಗವಿಯೊಳಗೆ ಹೊಕ್ಕಿತು. ಅಲ್ಲಿ ಸುಣ್ಣದಂತೆ ಬಿಳಿಚಿಕೊಂಡ ನವಿಲೊಂದು ಕೂತಿತ್ತು.

"ಬಾ ತಾಯಿ ಬಾ, ನಿನ್ನದೇ ದಾರಿ ನೋಡುತ್ತಿದ್ದೆ" ಎಂದಿತು ನವಿಲು. "ನದಿಗೆ ಹಚ್ಚಿದೆಯಲ್ಲ, ಆ ನೀಲಿ ನನ್ನದು. ತೋಟಕ್ಕೆ ಹಚ್ಚಿದೆಯಲ್ಲ, ಆ ಹಸಿರೂ ನನ್ನದೇ. ಚೆನ್ನಾಗಿ ಬಂತೇ?"

ಹೊನ್ನಾಜಿಗೆ ತಲೆ ಎತ್ತಲಾಗಲಿಲ್ಲ. "ಗೊತ್ತಿರಲಿಲ್ಲ" ಎಂದಳು.

"ಕೇಳಲೂ ಇಲ್ಲ. ಬಣ್ಣ ಹೋದಮೇಲೆ ನನಗೆ ಕುಣಿಯಲು ನಾಚಿಕೆ. ನನ್ನನ್ನು ಕುಣಿಸಿದರೆ ದಾರಿ ಬಿಡುತ್ತೇನೆ."

ಅವಳ ಹತ್ತಿರ ಹಚ್ಚಲು ಬಣ್ಣವಿರಲಿಲ್ಲ. ಪಂಚೆಯನ್ನು ಗವಿಗೆ ಅಡ್ಡ ಕಟ್ಟಿ, ಹಿಂದೆ ಹಣತೆ ಹಚ್ಚಿಟ್ಟಳು. "ದೀಪಕ್ಕೂ ಬಟ್ಟೆಗೂ ನಡುವೆ ನಿಂತು ಗರಿ ಬಿಚ್ಚು" ಎಂದಳು. ನವಿಲು ಗರಿ ಬಿಚ್ಚಿತು. ನೆರಳು ಗವಿಯಷ್ಟು ದೊಡ್ಡದಾಗಿ ಬಟ್ಟೆಯ ಮೇಲೆ ಬಿತ್ತು. ನೆರಳಿಗೆ ಬಿಳಿಚಿದ್ದು, ಬಣ್ಣದ್ದು ಎಂಬ ಭೇದವಿಲ್ಲ. ನವಿಲು ತನ್ನನ್ನೇ ನೋಡುತ್ತ ನೋಡುತ್ತ ಒಂದು ಕಾಲೆತ್ತಿತು, ಇನ್ನೊಂದು ಕಾಲೆತ್ತಿತು, ಆಮೇಲೆ ಕುಣಿದೇ ಕುಣಿಯಿತು. ಹೊನ್ನಾಜಿ ಈಚೆ ಕೂತು ಹಣೆ ಚಚ್ಚಿಕೊಂಡಳು. ಅಣ್ಣನ ಹಿಂದೆ ಒಂದಿಷ್ಟು ಬರಿಯ ಬಟ್ಟೆ ಬಿಡುವುದು, ತಾನು ಮಾಡಬೇಕಾಗಿದ್ದ ಕೆಲಸ ಇಷ್ಟೇ ಆಗಿತ್ತು.

ಗವಿಯಾಚೆ ಉದ್ದಂಡನ ಮನೆ. ತೊಲೆ ತೊಲೆಗೂ ಪರದೆಗಳು ತೂಗುತ್ತಿದ್ದವು. ಪ್ರತಿಯೊಂದರಲ್ಲೂ ಯಾರೋ ಒಬ್ಬರು ಬೆನ್ನು ತೋರಿಸಿ ನಿಂತಿದ್ದರು. ಉದ್ದಂಡ ಈಗ ಮುದುಕನಾಗಿರಲಿಲ್ಲ. ಕೆನ್ನೆ ತುಂಬಿತ್ತು, ಮೀಸೆ ಕಪ್ಪಾಗಿತ್ತು.

"ಕರೆ ನಿನ್ನ ಅಣ್ಣನನ್ನು. ಬಂದರೆ ಕರೆದುಕೊಂಡು ಹೋಗು" ಎಂದು ನಕ್ಕ.

"ಅಣ್ಣಾ!" ಎಂದು ಕರೆದಳು. ಕೇತಣ್ಣ ತಿರುಗಲಿಲ್ಲ, ಆದರೆ ಅವನ ದನಿ ಬಂತು: "ಹೊನ್ನಿ, ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಹೂವು."

ಹೊನ್ನಾಜಿ ಸೆರಗನ್ನು ಮೂಲೆಯಲ್ಲಿದ್ದ ಹೂಜಿಯ ನೀರಿಗೆ ಅದ್ದಿದಳು. ಉದ್ದಂಡನ ನಗು ನಿಂತಿತು.

"ಹುಚ್ಚಿ! ಇಂಥ ಪರದೆಯನ್ನು ಯಾರೂ ಬರೆದಿಲ್ಲ, ನೀನೂ ಮತ್ತೆ ಬರೆಯಲಾರೆ. ಅರಸನೇ ಎದ್ದುನಿಂತದ್ದು ಮರೆತೆಯಾ?"

ಮರೆತಿರಲಿಲ್ಲ. ಅವಳ ಕೈ ಒಂದು ಕ್ಷಣ ತಡೆಯಿತು. ಆ ಒಂದು ಕ್ಷಣಕ್ಕಾಗಿ ಅವಳು ಆಮೇಲೆ ಬಹಳ ಸಲ ಅತ್ತಳು. ಆದರೆ ಒರೆಸಿದಳು. ಹೂವು ಒರೆಸಿದಳು, ಜಿಂಕೆ ಒರೆಸಿದಳು, ನದಿಯನ್ನು ಕೊನೆಯ ಹನಿಯವರೆಗೂ ಒರೆಸಿದಳು. ಬರಿಯ ಬಟ್ಟೆ ಕಂಡಲ್ಲಿ ಒಂದು ಪಾದ ಹೊರಗೆ ಬಂತು, ಮೊಣಕಾಲು ಬಂತು, ಕೇತಣ್ಣ ಇಡಿಯಾಗಿ ಬಂದು ನೆಲದ ಮೇಲೆ ಕುಸಿದ.

ತೊಳೆದುಹೋದ ನೀಲಿಯೂ ಹಸಿರೂ ನೀರಾಗಿ ಹರಿದು ಗವಿಯ ಕಡೆ ನವಿಲನ್ನು ಹುಡುಕಿಕೊಂಡು ಹೋಯಿತು. ಹೊನ್ನಾಜಿ ಉಳಿದ ಪರದೆಗಳನ್ನೂ ಒರೆಸಿದಳು. ಯಾರ್ಯಾರದೋ ತಾಯಿ, ಯಾರ್ಯಾರದೋ ಮಗ ಹೊರಗೆ ಬಂದರು. ಒಬ್ಬೊಬ್ಬರು ಬಂದಂತೆ ಉದ್ದಂಡ ಬಿರಿದ. ಕೊನೆಯವಳು ಬಂದಾಗ ಹಳೆಯ ಸುಣ್ಣದಂತೆ ಉದುರಿ ಬಿದ್ದ.

ಬಣ್ಣಗಳು ಮರಳಿದವು. ತಿಂದ ವರ್ಷಗಳು ಮರಳಲಿಲ್ಲ. ಕೇತಣ್ಣನ ತಲೆ ಪೂರಾ ಬೆಳ್ಳಗಾಗಿತ್ತು.

"ಯಾಕೇ ಹಾಗೆ ನೋಡುತ್ತೀಯ? ವೇಷ ಓರೆಯಾಗಿದೆಯೇ?" ಎಂದು ತಲೆ ಮುಟ್ಟಿಕೊಂಡ. ಕಿರೀಟ ಕೈಗೆ ಬಂತು. ಹೆಗಲಿಗಿಳಿದ ಬಿಳಿ ಕೂದಲು ಎಳೆದರೂ ಬರಲಿಲ್ಲ; ಅದು ವೇಷದ್ದಲ್ಲ. ಕಿರೀಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಹೋಗಲಿ ಬಿಡು, ಇನ್ನು ಮುದಿ ಅರಸನ ಪಾತ್ರ ಮಾಡಿದರಾಯಿತು" ಎಂದ.

ಇಳಿಯುವ ದಾರಿಯಲ್ಲಿ ಅವಳು ಕೇಳಿಯೇಬಿಟ್ಟಳು: "ಅಣ್ಣ, ಅವತ್ತು ರಂಗದ ಮೇಲೆ ನಾನು ಹೇಳಿದ ಮಾತು..."

"ಏನು ಹೇಳಿದ್ದೆ? ನಿನ್ನ ನದಿಯ ಸದ್ದೇ ಜೋರಾಗಿತ್ತು, ಕೇಳಿಸಲಿಲ್ಲ."

ನಿಜವಾಗಿಯೂ ಕೇಳಿಸಿರಲಿಲ್ಲವೋ, ಅವಳಿಗಾಗಿ ಹಾಗೆಂದನೋ, ಅವಳಿಗೆ ಎಂದೂ ತಿಳಿಯಲಿಲ್ಲ.

ಊರ ಬಾಗಿಲಲ್ಲಿ ಬಾಚಯ್ಯ ಮಗನನ್ನು ತಡವಿ ತಡವಿ ನೋಡಿದ. "ನನಗಿಂತ ದೊಡ್ಡವನಾಗಿ ಬಂದೆಯಲ್ಲೋ" ಎಂದು ನಗಲು ಹೋಗಿ ಅತ್ತ. ಅಂದಿನಿಂದ ಅಪ್ಪನೇ ಮಗನ ಕೈಹಿಡಿದು ರಂಗದ ಮೆಟ್ಟಿಲು ಹತ್ತಿಸುತ್ತಿದ್ದ.

ಹೊನ್ನಾಜಿ ಆಮೇಲೆ ಬರೆದ ಪರದೆಗಳ ಎದುರು ಯಾವ ವೇಷ ಬಂದು ನಿಂತರೂ ಎದ್ದು ಕಾಣುತ್ತಿತ್ತು. ದೂರದೂರಿಂದ ಚಿತ್ರಗಾರರು ಕಲಿಯಲು ಬಂದರು. ಮಾಟದ ಭಯ ತೀರಿ ಸುರಗಿಪುರದ ಜನ ಸುಖವಾಗಿದ್ದರು. ಅರಸ ಸುಖವಾಗಿದ್ದ, ನವಿಲು ಸುಖವಾಗಿತ್ತು. ಕೇತಣ್ಣನೂ ಸುಖವಾಗಿದ್ದ, ಇದ್ದಷ್ಟು ದಿನ.