ಐದನೇ ಸ್ಟಾರ್

"ಹೊರಗಿನ ತಿಂಡಿ ಒಳಗೆ ತರೋ ಹಾಗಿಲ್ಲ ಚಿನ್ನ," ಎಂದರು ಚರ್ಚಿನ ಕೌಂಟರಿನಲ್ಲಿದ್ದ ಮಿಸ್ ಡಾರ್ಲಾ. "ಹಸಿವಾದ್ರೆ ಅಲ್ಲೇ ಕೆಫೆ ಇದೆಯಲ್ಲ."

ಒರಾಲಿಯಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ಇದು ನಂಗಲ್ಲ, ಕೆಂಡ್ರಾ ಮನೆಯವರಿಗೆ. ಮೊದಲ್ನೇ ಸಲ ಕರೆದಿದಾರೆ, ಬರಿಗೈಲಿ ಹೋಗಬಾರದು ಅಂತ ಅಜ್ಜಿ ಐದು ಗಂಟೆಗೇ ಎದ್ದು ಮೆಕ್ಕೆಜೋಳದ ಹಿಟ್ಟಿನ ತಮಾಲೆ ಬೇಯಿಸಿದ್ರು."

ಆದರೂ ಡಬ್ಬಿ ಕೌಂಟರಿನ ಕೆಳಗೆ, ಯಾರೋ ಮರೆತುಹೋದ ಕೊಡೆಗಳ ಪಕ್ಕ ಕೂತಿತು.

ಹ್ಯೂಸ್ಟನ್ನಿನ ಹೊರಗಿದ್ದ ಆ ಚರ್ಚು ಎಷ್ಟು ದೊಡ್ಡದೆಂದರೆ, ಕಾರು ನಿಲ್ಲಿಸಿದ ಜಾಗದಿಂದ ಬಾಗಿಲಿಗೆ ಬರಲು ವ್ಯಾನು ಬೇಕಿತ್ತು. ಒಳಗೆ ಕೆಫೆ ಇತ್ತು, ಟೀ ಶರ್ಟಿನ ಅಂಗಡಿ ಇತ್ತು, ಮಕ್ಕಳಿಗೆಂದೇ ಬಹುಮಾನದ ಅಂಗಡಿಯೂ ಇತ್ತು. ಪ್ರಾರ್ಥನೆಗೂ ಜಾಗ ಇತ್ತು ಅನ್ನಿ.

ಹೊಸಬರನ್ನು ಕರೆತಂದರೆ ಒಂದು ಸ್ಟಾರ್. ಐದು ಸ್ಟಾರಿಗೆ ಒಂದು ಜೊತೆ ನೇರಳೆ ಬಣ್ಣದ ಸ್ಕೇಟ್ಸ್. ಕೆಂಡ್ರಾ ತಿಂಗಳಿಂದ ಅದರ ಮೇಲೇ ಕಣ್ಣಿಟ್ಟಿದ್ದಳು. ನಾಲ್ಕು ಸ್ಟಾರ್ ಆಗುವಷ್ಟರಲ್ಲಿ ಅವಳ ಗೆಳತಿಯರು ಮುಗಿದುಹೋಗಿದ್ದರು. ಆಗ ನೆನಪಾದವಳೇ, ಕ್ಲಾಸಿಗೆ ಹೊಸದಾಗಿ ಸೇರಿ ಲಂಚಿನಲ್ಲಿ ಒಬ್ಬಳೇ ಕೂರುತ್ತಿದ್ದ ಈ ಒರಾಲಿಯಾ.

ಮಿಸ್ ಡಾರ್ಲಾ ಕೆಂಡ್ರಾಳ ಕಾರ್ಡಿಗೆ ಐದನೇ ಸ್ಟಾರ್ ಅಂಟಿಸಿದರು. "ಸ್ಪರ್ಧೆಯ ಕೊನೇ ದಿನಕ್ಕೆ ಸರಿಯಾಗಿ ಗೆದ್ದೆ ನೋಡು."

"ಸ್ಟಾರ್ ಯಾಕೆ?" ಒರಾಲಿಯಾ ಕೇಳಿದಳು.

"ಅದಾ? ಇಲ್ಲಿ ಎಲ್ರಿಗೂ ಕೊಡ್ತಾರೆ," ಎಂದಳು ಕೆಂಡ್ರಾ.

"ನಂಗೆ ಕೊಡ್ಲಿಲ್ವಲ್ಲ."

ಕೆಂಡ್ರಾ ಕಾರ್ಡನ್ನು ಬೆನ್ನ ಹಿಂದೆ ಮರೆಮಾಡಿದಳು. ಒರಾಲಿಯಾ ಆಚೀಚೆ ನೋಡಿದಳು. ಗೋಡೆಯ ಪೋಸ್ಟರಿನಲ್ಲಿ ಎಲ್ಲವೂ ಬರೆದಿತ್ತು. ಅವಳು ಅದನ್ನು ನಿಧಾನವಾಗಿ ಓದಿದಳು. ಅಳಲಿಲ್ಲ, ಜಗಳವನ್ನೂ ಆಡಲಿಲ್ಲ.

"ಒಂದು ಜೊತೆಗೆ ಎಂಟು ಚಕ್ರ," ಎಂದಳು. "ಐದು ಜನ. ನನ್ನ ಪಾಲಿಗೆ ಸುಮಾರು ಒಂದೂವರೆ ಚಕ್ರ ಬರತ್ತೆ ಅಲ್ವಾ?"

ಕೆಂಡ್ರಾಳಿಗೆ ನಾಚಿಕೆಯಾಯಿತು. ಆದರೂ ಕಾರ್ಡು ಕೊಟ್ಟು ಸ್ಕೇಟ್ಸ್ ತೆಗೆದುಕೊಂಡಳು.

ಹಾಡು, ಆಟ ಎಲ್ಲ ಮುಗಿಯುವವರೆಗೂ ಒರಾಲಿಯಾ ಹೊಸಬರ ಸಾಲಿನಲ್ಲಿ ಸುಮ್ಮನೆ ಕೂತಿದ್ದಳು. ಹೊರಡುವಾಗ ಮರೆಯದೆ ಡಬ್ಬಿ ಕೇಳಿ ಪಡೆದು, ಕರೆದೊಯ್ಯಲು ಬಂದಿದ್ದ ಕೆಂಡ್ರಾಳ ಅಮ್ಮನ ಕೈಗೆ ಕೊಟ್ಟಳು. "ಅಜ್ಜಿ ಕಳಿಸಿದ್ದು," ಎಂದಳು.

ಕೆಂಡ್ರಾಳ ಮನೆಯಲ್ಲಿ ಎಲ್ಲರೂ ಸುತ್ತಿದ್ದ ಮೆಕ್ಕೆಜೋಳದ ಸಿಪ್ಪೆ ಬಿಡಿಸಿ, ಬೆರಳು ನೆಕ್ಕುತ್ತ ತಮಾಲೆ ತಿಂದರು. "ಎಂಥಾ ಒಳ್ಳೇ ಫ್ರೆಂಡ್ ಸಿಕ್ಕಿದಾಳೆ ನಿಂಗೆ," ಎಂದರು ಅಮ್ಮ. ಕೆಂಡ್ರಾ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹೊಸ ಸ್ಕೇಟ್ಸ್ ಪೆಟ್ಟಿಗೆಯೊಳಗೇ ಉಳಿಯಿತು.

ಸೋಮವಾರ ಲಂಚಿನಲ್ಲಿ ಕೆಂಡ್ರಾ ತೊಳೆದ ಡಬ್ಬಿ ಹಿಡಿದು ಒರಾಲಿಯಾಳ ಮುಂದೆ ನಿಂತಳು. ಒಳಗೆ ಅವಳೇ ಬೇಯಿಸಿದ ಬಿಸ್ಕತ್ತುಗಳಿದ್ದವು.

ಒರಾಲಿಯಾ ಮುಚ್ಚಳ ತೆಗೆದು ನೋಡಿದಳು. "ತಳ ಸೀದಿದೆ."

"ಗೊತ್ತು. ಖಾಲಿ ಡಬ್ಬಿ ಕೊಡೋಕೆ ಮನಸ್ಸಾಗ್ಲಿಲ್ಲ."

"ಇದಕ್ಕೆ ಎಷ್ಟು ಸ್ಟಾರ್?"

"ಒಂದೂ ಇಲ್ಲ. ಅದು ನಿನ್ನೆಗೇ ಮುಗೀತು."

"ಮತ್ಯಾಕೆ ಬಂದೆ?"

ಬಸ್ಸಿನಲ್ಲಿ ಬರುವಾಗ ಕೆಂಡ್ರಾ ಏನೇನೋ ಹೇಳಬೇಕೆಂದುಕೊಂಡಿದ್ದಳು. ಈಗ ಅದೊಂದೂ ಬೇಕೆನಿಸಲಿಲ್ಲ.

"ಸುಮ್ನೆ," ಎಂದಳು.

ಒರಾಲಿಯಾ ಒಂದು ಬಿಸ್ಕತ್ತು ಎತ್ತಿ ಕಚ್ಚಿದಳು. ಆಮೇಲೆ ಬೆಂಚಿನ ಮೇಲೆ ತನ್ನ ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿ ಕೆಳಗಿಟ್ಟಳು.