ಹಾಯಿಹಡಗಿನ ವರ

"ಹುಡುಗ ಹಡಗಲ್ಲಿ ಕೆಲಸ ಮಾಡ್ತಾನೆ" ಎಂದಷ್ಟೇ ಸಂಬಂಧ ತಂದವರು ಹೇಳಿದ್ದು. ಕೆಂಗೇರಿ ಉಪನಗರದ ಆ ಮನೆಯಲ್ಲಿ ಎಲ್ಲರೂ ಕಬ್ಬಿಣದ ದೊಡ್ಡ ಸರಕು ಹಡಗನ್ನೇ ಕಲ್ಪಿಸಿಕೊಂಡಿದ್ದರು. ಹೆಣ್ಣು ನೋಡಲು ಬಂದ ಯೋಗಾನಂದ ಮೊಬೈಲಿನಲ್ಲಿ ಫೋಟೊ ತೋರಿಸಿದಾಗ, ಅನುವಿನ ತಾಯಿ ಮುನಿತಾಯಮ್ಮ ಕೇಸರಿಬಾತಿನ ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟರು.

ಮೂರು ಎತ್ತರದ ಕಂಬಗಳು. ಅವುಗಳ ತುಂಬ ಬಿಳಿಯ ಬಟ್ಟೆ.

"ಇದೇನಪ್ಪ, ಬಟ್ಟೆ ಕಟ್ಟಿದೀರ! ಇಂಜಿನ್ ಇಲ್ವಾ?"

"ಇದೆ ಆಂಟಿ, ಹಾಕೋದು ಕಮ್ಮಿ. ಗಾಳೀಲೇ ಹೋಗ್ತೀವಿ. ಕಲಿಯೋಕೆ ಬರೋರನ್ನ ಹತ್ತಿಸ್ಕೊಂಡು ಟ್ರೇನಿಂಗ್ ಕೊಡೋ ಹಡಗು ಇದು."

"ಅಷ್ಟೆತ್ತರ ಹತ್ತಿ ಆ ಬಟ್ಟೆ ಮಡಚೋರು ಯಾರು?"

"ನಾವೇ."

ಅನು ಆಗ ಮೊದಲ ಸಲ ತಲೆಯೆತ್ತಿ ನೋಡಿದಳು. ಬಿಸಿಲಿಗೆ ಕಪ್ಪಾದ ಮುಖ. ಕಣ್ಣು ಕಿರಿದು ಮಾಡಿ ಮಾಡಿ ಅಂಚಿನಲ್ಲಿ ಸಣ್ಣ ಗೆರೆಗಳು. ಅವನು ಆಗಲೇ ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಗಡಿಬಿಡಿಯಲ್ಲಿ ಒಂದಿಡೀ ಬೋಂಡ ಬಾಯಿಗೆ ಹಾಕಿಕೊಂಡ. ಅನುವಿಗೆ ನಗು ಬಂತು. ನಗುವಿನ ಬೆನ್ನಿಗೇ ಹೆದರಿಕೆಯೂ ಬಂತು. ಇವನು ಇಷ್ಟವಾಗುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗಿತ್ತು.

ಟೆರೇಸಿನಲ್ಲಿ ಇಬ್ಬರನ್ನೇ ಮಾತಿಗೆ ಬಿಟ್ಟಾಗ ಅವಳು ನೇರವಾಗಿ ಹೇಳಿದಳು. "ನೀರು ಅಂದ್ರೆ ನನಗೆ ಆಗಲ್ಲ. ನಮ್ಮಣ್ಣ ಕಾಲೇಜಲ್ಲಿದ್ದಾಗ ಫ್ರೆಂಡ್ಸ್ ಜೊತೆ ಮಾಗಡಿ ರೋಡ್ ಕಡೆ ಕಲ್ಲುಕ್ವಾರೀಲಿ ಈಜಕ್ಕೆ ಹೋದ. ಬರಲಿಲ್ಲ."

ಯೋಗಾನಂದ ಮೊಬೈಲ್ ಜೇಬಿಗಿಟ್ಟ. "ಒಂದ್ಸಲ ಬಂದು ನೋಡಿ. ನೋಡಿದ್ಮೇಲೂ ಬೇಡ ಅನ್ಸಿದ್ರೆ, ಬೇಡ ಅನ್ನಿ."

"ಅಷ್ಟು ಮೇಲೆ ನಿಮಗೆ ಹೆದರಿಕೆ ಆಗಲ್ವಾ?"

"ಏ, ಅಭ್ಯಾಸ ಆಗೋಗಿದೆ ಬಿಡಿ" ಎಂದು ನಕ್ಕ. ಆ ನಗು ತುಸು ಬೇಗನೇ ಬಂದಂತೆ ಅವಳಿಗೆ ಅನಿಸಿತು.

ಆಮೇಲೆ ಫೋನಿನಲ್ಲಿ ಮಾತು ಬೆಳೆಯಿತು. ಬಸವೇಶ್ವರನಗರದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಊಟದ ಬಿಡುವಿನಲ್ಲಿ ಅವನ ದನಿ ಕೇಳದಿದ್ದರೆ ಬುತ್ತಿ ಹಾಗೇ ಉಳಿಯುತ್ತಿತ್ತು. ಮಳೆಗಾಲ ಮುಗಿದ ಮೇಲೆ, ಮಂಗಳೂರಿನಿಂದ ಕಾರವಾರಕ್ಕೆ ಹೊರಟ ಹಡಗಿನಲ್ಲಿ ಹೊಸಬರಿಗೆ ಜಾಗವಿದೆ ಎಂದು ಅವನು ಹೇಳಿದ. ಅನು ಹೂಂ ಎಂದಳು.

"ನಿನ್ನನ್ನೂ ನೀರಿಗೆ ಕೊಡಕ್ಕಾಗಲ್ಲ ಕಣೇ" ಎಂದು ಮುನಿತಾಯಮ್ಮ ಅತ್ತರು. ಕೊನೆಗೆ ತಮ್ಮ ಅಕ್ಕನ ಮಗಳು ಚೈತನ್ಯಾಳನ್ನು ಜೊತೆಗೆ ಕಳಿಸಿ, ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಬಂದರು ದಾಟಿದ ಮೇಲೆ ಇಂಜಿನ್ ನಿಂತಿತು. ಹಾಯಿಗಳು ಒಂದೊಂದಾಗಿ ಬಿಚ್ಚಿಕೊಂಡು ಗಾಳಿ ತುಂಬಿಕೊಂಡವು. ಇಡೀ ಹಡಗು ಒಂದು ಮಗ್ಗುಲಿಗೆ ವಾಲಿ ಸದ್ದಿಲ್ಲದೆ ಮುನ್ನುಗ್ಗಿತು. ಮರ ಕಿರುಗುಟ್ಟುವುದು, ಹಗ್ಗಗಳು ಗುಂಯ್‌ಗುಡುವುದು, ಅಷ್ಟೇ. ಚೈತನ್ಯಾ ಕೇಕೆ ಹಾಕಿದಳು. ಅನು ಮಾತ್ರ ಕಂಬಿ ಹಿಡಿದು ಕಾಲಡಿಯ ಹಲಗೆಯನ್ನೇ ನೋಡುತ್ತ ಕೂತಳು.

"ನೀರು ನೋಡ್ಬೇಡಿ, ನನ್ನ ನೋಡಿ" ಎಂದ ಯೋಗಾನಂದ, ಹಗ್ಗ ಸುತ್ತುತ್ತ.

"ನಿಮ್ಮನ್ನ ನೋಡಿದ್ರೂ ತಲೆ ತಿರುಗತ್ತೆ."

ಅವನ ಕೈಯಲ್ಲಿದ್ದ ಸುರುಳಿ ಜಾರಿ ಕೆಳಗೆ ಬಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿ ನಕ್ಕರು.

ಮರುದಿನ ಮಧ್ಯಾಹ್ನ ಪಶ್ಚಿಮದಲ್ಲಿ ಆಕಾಶ ಒಮ್ಮೆಲೇ ಕಪ್ಪಾಯಿತು. ಕ್ಯಾಪ್ಟನ್ ಕೂಗಿದರು. ಯೋಗಾನಂದ ಮತ್ತು ಇನ್ನೂ ಕೆಲವರು ಹಗ್ಗದ ಏಣಿ ಹತ್ತಿ, ಕಂಬಕ್ಕೆ ಅಡ್ಡಲಾಗಿದ್ದ ಮರದ ಮೇಲೆ ಹೊಟ್ಟೆಯೂರಿ, ಹಾಯಿ ಮಡಚತೊಡಗಿದರು. ಕೆಳಗಿದ್ದವರೆಲ್ಲ ಒಂದು ದಪ್ಪ ಹಗ್ಗ ಜಗ್ಗಿ ಹಿಡಿಯಬೇಕು. ಅನುವೂ ಆ ಸಾಲಿನಲ್ಲಿದ್ದಳು.

"ಯಾರೂ ಬಿಡಬೇಡಿ! ಬಿಟ್ರೆ ಹಾಯಿ ಮತ್ತೆ ಗಾಳಿ ತುಂಬ್ಕೊಂಡು ಮೇಲಿರೋರನ್ನ ಎತ್ತಿ ಒಗೆಯತ್ತೆ!" ಎಂದು ಕ್ಯಾಪ್ಟನ್ ಅರಚಿದರು.

ಮಳೆ ಕಲ್ಲಿನಂತೆ ಹೊಡೆಯಿತು. ಹಡಗು ಎಷ್ಟು ವಾಲಿತೆಂದರೆ ಕಂಬದ ತುದಿ ಸಮುದ್ರದ ಮೇಲೆ ತೂಗಿತು. ಅನು ಕತ್ತೆತ್ತಿದಳು. ಯೋಗಾನಂದನ ಕಾಲು ಜಾರಿತು. ಮರುಕ್ಷಣ ಅವನು ಸೊಂಟದ ಬೆಲ್ಟಿನ ಹಗ್ಗವೊಂದರಲ್ಲೇ ನೇತಾಡುತ್ತಿದ್ದ. ಅವನ ಕೆಳಗೆ ಬರೀ ನೀರು.

ಓಡಿಹೋಗಬೇಕು, ಕೈ ಚಾಚಬೇಕು ಎಂದು ಅನುವಿನ ಮೈಯೆಲ್ಲ ಹೇಳುತ್ತಿತ್ತು. ಕೈ ಬಿಟ್ಟರೆ ಅವನು ಉಳಿಯುವುದಿಲ್ಲ. ಅಂಗೈ ಸುಲಿದು ಉರಿಯಿತು. ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚದೆ, ಹಗ್ಗ ಹಿಡಿದೇ ನಿಂತಳು. ಮೇಲಿದ್ದವನೊಬ್ಬ ಅವನ ತೋಳು ಹಿಡಿದ. ಯೋಗಾನಂದ ಒದ್ದಾಡಿ ಮತ್ತೆ ಮರಕ್ಕೆ ಅಪ್ಪಿಕೊಂಡ. ಅಷ್ಟಾದ ಮೇಲೂ ಇಳಿಯಲಿಲ್ಲ. ಉಳಿದ ಹಾಯಿ ಮಡಚಿ ಕಟ್ಟಿಯೇ ಬಂದ.

ಗಾಳಿ ಇಳಿದ ಮೇಲೆ ಅಡುಗೆಕೋಣೆಯ ಹಿಂದೆ ಅವನು ಒಬ್ಬನೇ ಕೂತಿದ್ದ. ಕೈಯಲ್ಲಿ ಹಿಡಿದ ಲೋಟದ ಟೀ ಆರಿಹೋಗಿತ್ತು. ಅನು ಲೋಟ ತೆಗೆದಿಟ್ಟು ಅವನ ಮಣಿಕಟ್ಟು ಹಿಡಿದಳು. ನಾಡಿ ಹುಚ್ಚಾಪಟ್ಟೆ ಓಡುತ್ತಿತ್ತು.

"ಅಭ್ಯಾಸ ಆಗೋಗಿದೆ ಅಂದಿದ್ರಿ."

"ಸುಳ್ಳು." ಅವನು ತಲೆ ತಗ್ಗಿಸಿದ. "ಪ್ರತಿ ಸಲ ಹತ್ತೋವಾಗ್ಲೂ ಹೆದರಿಕೆ ಆಗತ್ತೆ. ನಿಜ ಹೇಳಿದ್ರೆ ನೀವು ಬೇಡ ಅಂದ್ಬಿಡ್ತೀರೇನೋ ಅಂತ... ಅದು ಇನ್ನೂ ದೊಡ್ಡ ಹೆದರಿಕೆ." ಅವಳ ಸುಲಿದ ಅಂಗೈಯನ್ನು ತನ್ನ ಕಡೆ ತಿರುಗಿಸಿ ನೋಡಿದ. "ಈ ಕೆಲಸ ಬಿಟ್ಬಿಡ್ಲಾ ಅನು? ಹೇಳಿ, ಬಿಡ್ತೀನಿ."

ಅನು ಅವನ ಕೈ ಬಿಟ್ಟು ಎದ್ದುಹೋದಳು.

ಬೆಂಗಳೂರಿಗೆ ಬಂದ ಮೇಲೆ ಅವನ ಫೋನನ್ನೂ ಎತ್ತಲಿಲ್ಲ. ಸೂಜಿ ಹಿಡಿದಾಗಲೂ ಕಣ್ಣ ಮುಂದೆ ಅದೇ, ನೀರಿನ ಮೇಲೆ ನೇತಾಡುವ ಅವನ ಕಾಲುಗಳು. ತಾಯಿ ಅವಳ ಸುಲಿದ ಕೈಗೆ ಅರಿಶಿನ ಹಚ್ಚಿದರು.

ಒಂದು ಬೆಳಿಗ್ಗೆ ನಡುಮನೆಯಲ್ಲಿ ಅಣ್ಣನ ಫೋಟೊಗೆ ಹೂವಿಡುವಾಗ ಅವಳು ಅಲ್ಲೇ ನಿಂತಳು. ನೀರಿಗೆ ಹಾರುವ ಮುಂಚೆ ಅಣ್ಣ ಅಂದದ್ದು ಒಂದೇ ಮಾತಂತೆ: "ಏನೂ ಆಗಲ್ಲ ಬನ್ರೋ." ಹೆದರಿಕೆಯೇ ಇರದವನು ಅವನು. ಯೋಗಾನಂದ ಹೆದರುತ್ತಾನೆ. ಹೆದರುವುದರಿಂದಲೇ ಬೆಲ್ಟ್ ಹಾಕಿಕೊಳ್ಳುತ್ತಾನೆ, ಬೆಲ್ಟ್ ಹಾಕಿಕೊಂಡಿದ್ದಕ್ಕೇ ಉಳಿದ.

ಅಂದೇ ಸಂಜೆ ವಿಜಯನಗರದ ದರ್ಶಿನಿಯೊಂದಕ್ಕೆ ಅವನನ್ನು ಕರೆದಳು. ರಜೆಗೆ ಬೆಂಗಳೂರಿಗೆ ಬಂದಿದ್ದ ಅವನು ಸೊರಗಿದ್ದ.

"ಈ ಸಲ ಬರಲ್ಲ ಅಂತ ಕ್ಯಾಪ್ಟನ್‌ಗೆ ಹೇಳ್ಬಿಟ್ಟೆ" ಎಂದ.

"ಬರ್ತೀನಿ ಅಂತ ಹೇಳಿ."

ಅವನು ನಂಬದೆ ನೋಡಿದ.

"ನನಗೋಸ್ಕರ ಬಿಟ್ರೆ, ಆಮೇಲೆ ಇಬ್ರೂ ಒಬ್ರ ಮುಖ ಒಬ್ರು ನೋಡಕ್ಕಾಗಲ್ಲ. ಆದ್ರೆ ಇನ್ಮೇಲೆ ಹೆದರಿಕೆ ಆದ್ರೆ ಹೆದರಿಕೆ ಆಯ್ತು ಅಂತ್ಲೇ ಹೇಳ್ಬೇಕು. ಏನೂ ಆಗಲ್ಲ ಅನ್ನೋ ಮಾತು ನಮ್ಮನೇಲಿ ಬೇಡ."

"ನಮ್ಮನೇಲಿ" ಎಂದು ಅವನು ಮೆಲ್ಲಗೆ ಅಂದುಕೊಂಡ. "ಮತ್ತೆ ನಿಮ್ಮ ಹೆದರಿಕೆ?"

"ಅದು ಹೋಗಲ್ಲ. ನೀನು ವಾಪಸ್ ಬರೋವರ್ಗೂ ದಿನಾ ಹೆದರ್ಕೊಂಡೇ ಇರ್ತೀನಿ."

ಏನಂದೆನೆಂದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕಾಫಿ ಲೋಟ ಕೆಳಗಿಟ್ಟು ಅವಳನ್ನೇ ನೋಡಿದ.

"ಇನ್ನೊಂದ್ಸಲ ಹೇಳು."

"ಏನು?"

"ನನ್ನನ್ನ 'ನೀನು' ಅಂದೆಯಲ್ಲ, ಅದು."

ಅನುವಿನ ಕಿವಿಗಳು ಕೆಂಪಾದವು. ಮೇಲೆ ಮೆಟ್ರೊ ಗಡಗಡಿಸಿ ಹೋಗುವ ತನಕ ಕಾದು, ಅವಳು ಹೇಳಿದಳು.