ಕವಚ ಕಳಚಿಟ್ಟವನು

"ಏನ್ರೀ ಮಾಡ್ತಿದೀರ ನೀವು? ಕವಚ ಯಾಕ್ ತೆಗೆದ್ರಿ?"

ಹೆಡ್‌ಫೋನಿನ ಮೈಕಿನಲ್ಲಿ ತೇಜು ಹೀಗೆ ಕೂಗಿದ್ದು ಒಂದು ಭಾನುವಾರ ಮಧ್ಯಾಹ್ನ, ಚೆನ್ನೈನ ವೇಲಚೇರಿಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಪಕ್ಕದ ಕೋಣೆಯಲ್ಲಿ ನಿದ್ದೆ ಹೋಗಿದ್ದ ರೂಮ್‌ಮೇಟ್ ಮಾನ್ಯಾ ಬೆಚ್ಚಿಬಿದ್ದು ಎದ್ದು ಕೂತಳು.

ಪರದೆಯ ಮೇಲೆ 'ಅಗ್ನಿದುರ್ಗ' ಎಂಬ ಆನ್‌ಲೈನ್ ಆಟ ನಡೆಯುತ್ತಿತ್ತು. ಐದು ಜನರ ತಂಡದಲ್ಲಿ ಮೂವರು ಆಗಲೇ ಸತ್ತು ಬಿದ್ದಿದ್ದರು. ಉಳಿದವರು ಇಬ್ಬರೇ. ಮುಂದೆ ಗುರಾಣಿ ಹಿಡಿದು ನಿಂತವನೊಬ್ಬ, ಹಿಂದೆ ನಿಂತು ಅವನ ಗಾಯ ಮಾಯಿಸುವ ವೈದ್ಯೆ ನಮ್ಮ ತೇಜು. ಎದುರಿಗೆ ಬೆಂಕಿ ಉಗುಳುವ ಸರ್ಪ.

ಬಳಿಯಿದ್ದ ಮದ್ದನ್ನೆಲ್ಲ ಅವಳು ಅವನ ಮೇಲೇ ಸುರಿಯುತ್ತಿದ್ದಳು. ಇನ್ನೊಂದು ಇಪ್ಪತ್ತು ಸೆಕೆಂಡು ನಿಂತರೆ ಗೆಲ್ಲಬಹುದೇನೋ... ಅಷ್ಟರಲ್ಲಿ ಆ ಮಹಾನುಭಾವ ಶಿರಸ್ತ್ರಾಣ, ಕವಚ, ಗುರಾಣಿ ಎಲ್ಲವನ್ನೂ ಒಂದೊಂದಾಗಿ ಕಳಚಿ ಚೀಲಕ್ಕೆ ಹಾಕಿಕೊಂಡು ಬರಿಮೈಯಲ್ಲಿ ನಿಂತುಬಿಟ್ಟ.

ಸರ್ಪ ಒಂದೇ ಉಸಿರಿಗೆ ಇಬ್ಬರನ್ನೂ ಸುಟ್ಟು ಹಾಕಿತು.

"ಟೆನ್ಶನ್ ಆಗ್ಬೇಡಿ ಮೇಡಂ," ಎಂದಿತು ಅತ್ತ ಕಡೆಯ ದನಿ. "ಸಾಯೋದು ಕನ್ಫರ್ಮ್ ಆಗಿತ್ತು. ಹಾಕ್ಕೊಂಡು ಸತ್ರೆ ಕವಚ ಸವೆಯುತ್ತೆ. ತೆಗೆದಿಟ್ಟು ಸತ್ರೆ ಒಂದು ಗೀರೂ ಬೀಳಲ್ಲ, ಮುಂದಿನ ಆಟಕ್ಕೆ ಹೊಸದರ ಹಂಗಿರುತ್ತೆ. ಸಿಂಪಲ್ ದಾನೆ, ಅಲ್ವಾ?"

"ನಿಮ್ದು ಉಳೀತು. ನಂದು?"

"ನೀವೂ ತೆಗೀಬೇಕಿತ್ತು. ನನ್ನ ಪೇಜಲ್ಲಿ ಬರ್ದಿದೀನಿ. ಏಳನೇ ಟಿಪ್."

"ತೆಗೆಯೋಕೆ ನಂಗೆಲ್ಲಿತ್ತು ಪುರುಸೊತ್ತು? ನಾನು ನಿಮ್ಮನ್ನ ಬದುಕಿಸ್ತಾ ಇದ್ದೆ ಕಣ್ರೀ."

ತೇಜು ಹೆಡ್‌ಫೋನ್ ಕಿತ್ತು ಹಾಸಿಗೆಯ ಮೇಲೆ ಎಸೆದಳು. ಯಾರೋ ಏನೋ, ಮುಖ ಕೂಡ ಗೊತ್ತಿಲ್ಲ, ಆದರೂ ಆ ಸಿಟ್ಟು ಸಂಜೆಯವರೆಗೂ ಇಳಿಯಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮೆಸೇಜ್ ಬಂತು. 'ಸಾರಿ ಮೇಡಂ. ನನ್ನ ಬದುಕಿಸೋಕೆ ಯಾರೂ ಅಷ್ಟು ಕಷ್ಟಪಟ್ಟಿದ್ದಿಲ್ಲ. ಅಭ್ಯಾಸ ಇಲ್ಲ. ನಾನು ಬದರಿನಾಥ.'

ಅವಳಿಗೆ ನಗು ಬಂತು. ಹಾಳಾದ ನಗು, ಬರಬಾರದ ಹೊತ್ತಿಗೇ ಬರುತ್ತದೆ.

ಬದರಿನಾಥ ಎಂದರೆ ಅಗ್ನಿದುರ್ಗ ಆಡುವ ಕನ್ನಡದವರಿಗೆಲ್ಲ ಗೊತ್ತು. ಆ ಆಟದಲ್ಲಿ ಬದುಕುಳಿಯುವುದು ಹೇಗೆ ಎಂದು ಕನ್ನಡದಲ್ಲಿ ಬರೆಯುತ್ತಿದ್ದವನು ಅವನೊಬ್ಬನೇ. ಕವಚದ ಬಣ್ಣ ಹಳದಿಗೆ ತಿರುಗಿದ ಕೂಡಲೇ ರಿಪೇರಿ ಮಾಡಿಸಿ, ಕೆಂಪಾಗುವ ತನಕ ಬಿಟ್ಟರೆ ಮೊದಲಿನ ಗಟ್ಟಿತನ ಮತ್ತೆ ಬರುವುದಿಲ್ಲ. ಹಸಿದ ಪಾತ್ರದ ಗಾಯ ಬೇಗ ಮಾಯುವುದಿಲ್ಲ, ಯುದ್ಧಕ್ಕೆ ಮುಂಚೆ ಉಣಿಸಿ. ಮಳೆಯಲ್ಲಿ ನಡೆದ ಮೇಲೆ ಕತ್ತಿಗೆ ಎಣ್ಣೆ ಹಚ್ಚಿ. ಏಳನೆಯದು ಮಾತ್ರ ತೇಜುವಿನ ಕಣ್ಣಿಗೆ ಮುಳ್ಳು: ಸೋಲು ಖಚಿತ ಎನಿಸಿದರೆ ಎಲ್ಲ ಕಳಚಿಡಿ.

ಅದರ ಕೆಳಗೆ ಅವಳು ಕಾಮೆಂಟ್ ಹಾಕಿದಳು. 'ಹಿಂದೆ ವೈದ್ಯೆ ಇದ್ದರೆ ಈ ಟಿಪ್ ಅನ್ವಯಿಸುವುದಿಲ್ಲ.'

ಅಲ್ಲಿಂದ ಶುರುವಾದ ಜಗಳ ದಿನವೂ ನಡೆಯಿತು. ದಿನವೂ ಜಗಳಾಡುವವರು ದಿನವೂ ಮಾತಾಡುತ್ತಾರಲ್ಲ! ತಿಂಗಳು ಕಳೆಯುವಷ್ಟರಲ್ಲಿ 'ಮೇಡಂ' ಹೋಗಿ 'ತೇಜು' ಆಯಿತು, 'ನೀವು' ಹೋಗಿ 'ನೀನು' ಆಯಿತು. ಆಟದೊಳಗೆ ಇಬ್ಬರ ಹೆಸರಿನಲ್ಲೂ ಒಂದು ಪೆಟ್ಟಿಗೆ ಮಾಡಿಕೊಂಡರು. ಅವಳ ನಿಲುವಂಗಿ, ಅವನ ಗುರಾಣಿ, ಮದ್ದಿನ ಬಾಟಲಿಗಳು ಎಲ್ಲ ಅದರಲ್ಲೇ.

ಮೊದಲ ಸಲ ಮುಖಾಮುಖಿಯಾಗಿದ್ದು ವೇಲಚೇರಿ ಸ್ಟೇಷನ್ನಿನ ಮೆಟ್ಟಿಲ ಬಳಿ. ಗುರಾಣಿ ಹಿಡಿಯುವವನು ಭಾರಿ ಆಳಿರಬೇಕು ಎಂದುಕೊಂಡಿದ್ದಳು. ಬಂದವನು ಸಣಕಲ, ಕನ್ನಡಕದವನು, ಹೆಗಲಿಗೆ ರಿಪೇರಿ ಸಾಮಾನಿನ ಚೀಲ.

"ಇಷ್ಟೇನಾ ನೀನು?" ಎಂದಳು ತೇಜು.

"ಇಷ್ಟೇ," ಎಂದ ಬದರಿ. "ಅಡ್ಜಸ್ಟ್ ಮಾಡ್ಕೋ."

ಅವನು ಸೌಕಾರ್‌ಪೇಟೆಯಲ್ಲಿ ಒಡವೆ ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಸರಿಮಾಡುವ ಸರ್ವಿಸ್ ಎಂಜಿನಿಯರ್. ನಾಲ್ಕು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿರುವ ಕನ್ನಡ ವೈಷ್ಣವರ ಮನೆ. ಕನ್ನಡದ ನಡುವೆ ತಮಿಳು ಯಾವಾಗ ನುಸುಳಿತು ಎಂದು ಅವನಿಗೇ ತಿಳಿಯದು. ಅವಳು ಮದ್ದೂರಿನ ಒಕ್ಕಲಿಗರ ಹುಡುಗಿ, ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ, ಚೆನ್ನೈಗೆ ಬಂದು ಎರಡು ವರ್ಷ.

ಎಂಟು ತಿಂಗಳು ಹೀಗೆ ಹೋಯಿತು. ವಾರಕ್ಕೆರಡು ಸಲ ಭೇಟಿ, ಕಾಫಿ, ಸಮುದ್ರದ ದಂಡೆಯಲ್ಲಿ ಸುಮ್ಮನೆ ನಡೆಯುವುದು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಒಂದು ಸೋಮವಾರ ಆಫೀಸಿನಲ್ಲಿ ತೇಜುವನ್ನು ಕರೆದು ಹೇಳಿದರು. ಪುಣೆಯ ಕಾರ್ಖಾನೆಯಲ್ಲಿ ತಂಡದ ಮುಖ್ಯಸ್ಥೆಯ ಜಾಗ. ಒಂದೂವರೆ ವರ್ಷ. ಶುಕ್ರವಾರ ಸಂಜೆ ಐದರೊಳಗೆ ಉತ್ತರ ಬೇಕು.

ಅವಳು ಮೊದಲು ಫೋನ್ ಮಾಡಿದ್ದು ಬದರಿಗೆ.

"ಓ... ಸೂಪರ್," ಎಂದ ಅವನು. "ಕಂಗ್ರಾಟ್ಸ್ ತೇಜು. ಸೆರಿ, ಇಲ್ಲಿ ಕಸ್ಟಮರ್ ಇದಾರೆ. ಅಪ್ಪುರಂ ಮಾತಾಡ್ತೀನಿ."

ಆಮೇಲೆ ಅವನು ಮಾತಾಡಲಿಲ್ಲ.

ಮಂಗಳವಾರ ಅವಳು ಮಾಡಿದ ಮೂರು ಕರೆಗೂ ಉತ್ತರವಿಲ್ಲ. 'ಬ್ಯುಸಿ' ಎಂದು ಒಂದೇ ಪದದ ಮೆಸೇಜ್. ತೇಜುವಿಗೆ ಕಾಲು ಒಂದು ಕಡೆ ನಿಲ್ಲದು. ಅಡುಗೆಮನೆಗೆ ಹೋದಳು, ಯಾಕೆ ಬಂದೆ ಎಂದು ಮರೆತು ವಾಪಸ್ ಬಂದಳು. ಬಾಲ್ಕನಿಯಲ್ಲಿ ನಿಂತಳು, ಕೂತಳು, ಫೋನ್ ಮಗುಚಿಟ್ಟಳು, ಎರಡೇ ನಿಮಿಷಕ್ಕೆ ಮತ್ತೆ ತಿರುಗಿಸಿ ನೋಡಿದಳು.

'ಒಂದು ಮಾತು ಆಡೋಕೆ ಇವ್ನ ಬಾಯಿಗೇನಾಗಿದೆ? ಬೇಜಾರಾಯ್ತು ಅಂತಾದ್ರೂ ಅನ್ಬಾರ್ದಾ?'

"ಮನೆ ತುಂಬ ನಡೆದು ನಡೆದು ಟೈಲ್ಸ್ ಸವೆಸ್ತೀಯ ಕಣೆ," ಎಂದಳು ಮಾನ್ಯಾ. "ಹೋಗಿ ಕೇಳ್ಬಾರ್ದಾ?"

"ನಾನ್ಯಾಕ್ ಕೇಳ್ಲಿ?"

ಬುಧವಾರ ಆಫೀಸಿನಿಂದ ಬಂದವಳೇ ಆಟ ತೆರೆದಳು. ಅವನು ಅಲ್ಲಾದರೂ ಇರಬಹುದು ಎಂಬ ಆಸೆ. ಇರಲಿಲ್ಲ. ಪೆಟ್ಟಿಗೆ ತೆರೆದು ನೋಡಿದಳು.

ಅವಳ ನಿಲುವಂಗಿ, ಕೋಲು, ಪಾದರಕ್ಷೆ ಎಲ್ಲವೂ ಹೊಸದರಂತೆ ರಿಪೇರಿಯಾಗಿ ಸಾಲಾಗಿ ಕೂತಿದ್ದವು. ಒಂದರ ಮೇಲೂ ಹಳದಿ ಚುಕ್ಕೆಯಿಲ್ಲ. ಅವನ ಸಾಮಾನು ಒಂದೂ ಇಲ್ಲ. ಪೆಟ್ಟಿಗೆಯ ಮೇಲೆ ಎರಡು ಹೆಸರಿದ್ದ ಕಡೆ ಈಗ ಒಂದೇ ಹೆಸರು.

ತೇಜು ಅತ್ತಳು. ಆಟದ ಪೆಟ್ಟಿಗೆಗೆ ಯಾರಾದರೂ ಅಳುತ್ತಾರೆಯೇ ಎಂದು ನಗುವವರು ನಗಲಿ. ಎಂಟು ತಿಂಗಳು ಜೊತೆಗಿದ್ದವನು ಒಂದು ಮಾತೂ ಆಡದೆ ಗಂಟುಮೂಟೆ ಕಟ್ಟಿಕೊಂಡು ಹೋದರೆ ಎಲ್ಲಿಂದ ಹೋದರೇನು?

'ಹಾಗಾದ್ರೆ ಇಷ್ಟು ದಿನ ನಾನೊಬ್ಳೇ ಏನೇನೋ ಅಂದ್ಕಂಡಿದ್ನಾ...'

ಗುರುವಾರ ಇಡೀ ದಿನ ಕೆಲಸದಲ್ಲಿ ಮೂರು ತಪ್ಪು ಮಾಡಿದಳು. ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ರೈಲು ಹತ್ತಿದಳು. ಪುಣೆಗೆ ಹೋಗುವುದೋ ಬಿಡುವುದೋ ಎಂಬ ಲೆಕ್ಕ ಆಗಲೇ ಮುಗಿದಿತ್ತು, ಆ ಕೆಲಸ ಅವಳಿಗೆ ಬೇಕಿತ್ತು. ತಿಳಿಯಬೇಕಾಗಿದ್ದು ಒಂದೇ. ಅವನು ತನ್ನವನೋ ಅಲ್ಲವೋ. ಸೀಟು ಖಾಲಿಯಿದ್ದರೂ ಕೂರಲಾಗದೆ ಬಾಗಿಲ ಬಳಿಯೇ ನಿಂತಳು. ಪಾರ್ಕ್ ಟೌನ್‌ನಲ್ಲಿ ಇಳಿದು ಆಟೋ ಹಿಡಿದು ಸೌಕಾರ್‌ಪೇಟೆಯ ಗಲ್ಲಿಯಲ್ಲಿ ಕೈಗಾಡಿಗಳ ನಡುವೆ ನುಗ್ಗಿ ಕಿರಿದಾದ ಮೆಟ್ಟಿಲು ಹತ್ತಿದಾಗ ನಾಲ್ಕೂ ಕಾಲು.

ಸಣ್ಣ ಕೋಣೆ. ಫ್ಯಾನ್ ಆರಿಸಿತ್ತು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಬದರಿ ಚಿಮಟದಿಂದ ತೂಕದ ಬಟ್ಟು ಇಡುತ್ತಿದ್ದ. ಒಡವೆ ಅಂಗಡಿಯ ಭೋಜರಾಜ ಸೇಟು ಅದಕ್ಕಾಗಿ ಕಾಯುತ್ತ ಬೆವರೊರೆಸಿಕೊಳ್ಳುತ್ತಿದ್ದರು.

ಬದರಿ ತಲೆಯೆತ್ತಿ ನೋಡಿದ. ಚಿಮಟದಿಂದ ಬಟ್ಟು ಜಾರಿ ಟಣ್ ಎಂದು ಬಿತ್ತು.

"ಐದು ನಿಮಿಷ ತೇಜು... ಗಾಳಿ ಬಂದ್ರೆ ಅಂಕಿ ಅಲ್ಲಾಡುತ್ತೆ, ಬಾಗಿಲು ಹಾಕು."

"ನಂಗೆ ಐದು ನಿಮಿಷ ಇಲ್ಲ. ಪೆಟ್ಟಿಗೆಯಿಂದ ನಿನ್ ಹೆಸರು ಯಾಕ್ ತೆಗ್ದೆ?"

"ನೀನು ಪುಣೆಗೆ ಹೋಗ್ತೀಯ ದಾನೆ? ಅಲ್ಲಿ ಹೊಸ ಜನ, ಹೊಸ ಟೀಮು... ನಿನ್ ಸಾಮಾನು ನಿನ್ ಹತ್ರ ಇರ್ಲಿ ಅಂತ. ಎಲ್ಲ ಸರಿ ಮಾಡಿಟ್ಟೆ. ನೋಡಿದ್ಯಾ, ಒಂದೂ ಸವೆದಿಲ್ಲ."

"ನೋಡ್ದೆ. ತಿಥಿಗೆ ಸಾಮಾನು ಜೋಡ್ಸಿದಂಗೆ ಜೋಡ್ಸಿದ್ದೆ."

ಕನ್ನಡ ಬಾರದ ಸೇಟುವಿಗೂ ಮಾತಿನ ಕಾವು ತಟ್ಟಿತು. ಅವರು ಮೆಲ್ಲನೆದ್ದು, ಟೀ ಕುಡಿದು ಬರುತ್ತೇನೆ ಎಂದು ತಮಿಳಿನಲ್ಲಿ ಗೊಣಗಿ ಕೆಳಗಿಳಿದರು.

"ಇನ್ನೇನ್ ಮಾಡ್ಬೇಕಿತ್ತು ನಾನು?" ಬದರಿಯ ದನಿ ಕುಗ್ಗಿತು. "ನೀನು ಬೇರೆ ಊರಿಗೆ. ನಿಮ್ಮ ಮನೇಲಿ ಒಪ್ಪಲ್ಲ. ನಮ್ಮಮ್ಮನ ಹತ್ರ ಬಾಯೇ ಬಿಡೋ ಹಂಗಿಲ್ಲ. ಯಾವ ಕಡೆ ನೋಡಿದ್ರೂ ಸೋಲೇ. ಗೊತ್ತಿದ್ದೂ ಗೊತ್ತಿದ್ದೂ ಮೈ ಒಡ್ಡೋದು ಯಾಕೆ ಅಂತ..."

"ಯಾರ್ನ ಕೇಳಿ ಸೋಲು ಅಂದ್ಕಂಡೆ? ನಿಮ್ಮಮ್ಮನ್ನ ಕೇಳಿದ್ಯಾ?"

"ಇಲ್ಲ."

"ನನ್ನ ಕೇಳಿದ್ಯಾ?"

ಅವನು ಚಿಮಟ ಕೆಳಗಿಟ್ಟ.

"ಮೊದಲ್ನೇ ದಿನಾನೂ ಹಿಂಗೇ ಮಾಡ್ದೆ ಬದ್ರಿ. ನಾನು ಹಿಂದೆ ನಿಂತ್ಕಂಡು ಜೀವ ಬಿಡ್ತಿದ್ದೆ, ನೀನು ಎಲ್ಲ ಕಳಚಿ ಚೀಲಕ್ ಹಾಕ್ಕಂಡೆ. ನಿಂಗೆ ಗೀರು ಬೀಳ್ಲಿಲ್ಲ, ಸರಿ. ಸುಟ್ಟೋಗಿದ್ದು ನಾನು. ನಾಲ್ಕು ದಿನದಿಂದ ಅನ್ನ ಸೇರ್ತಿಲ್ಲ ನಂಗೆ."

ಬದರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನ ಕಣ್ಣೂ ಕೆಂಪಗಿತ್ತು. ನಾಲ್ಕು ದಿನದಿಂದ ಅವನಿಗೂ ನಿದ್ದೆಯಿರಲಿಲ್ಲ ಎಂಬುದು ಅವಳಿಗೆ ಆಗ ಕಂಡಿತು.

ತೇಜು ಬ್ಯಾಗಿನಿಂದ ಫೋನ್ ತೆಗೆದಳು. ಆಫೀಸಿಗೆ ಬರೆದಿಟ್ಟಿದ್ದ ಪತ್ರ ಅವನಿಗೆ ತೋರಿಸಿದಳು. ಪುಣೆಗೆ ಹೋಗಲು ಒಪ್ಪಿದ್ದೇನೆ ಎಂಬ ಎರಡೇ ಸಾಲು. ಅವನ ಕಣ್ಣೆದುರೇ ಕಳಿಸಿಬಿಟ್ಟಳು.

"ನಂಗೆ ಈ ಕೆಲಸ ಬೇಕು. ಹೋಗೇ ಹೋಗ್ತೀನಿ. ಒಂದೂವರೆ ವರ್ಷ ಅಲ್ಲೇ ಇರ್ತೀನಿ," ಎಂದಳು. "ಈಗ ಹೇಳು. ನಾನು ನಿಂಗೆ ಏನು?"

ಕೆಳಗೆ ಬೀದಿಯಲ್ಲಿ ಯಾರೋ ಹಾರ್ನ್ ಹೊಡೆಯುತ್ತಲೇ ಇದ್ದರು.

"ನೋವಾಗುತ್ತೆ ತೇಜು."

"ಆಗುತ್ತೆ."

"ತುಂಬಾ ಆಗುತ್ತೆ. ನೀನಿಲ್ದೆ ಈ ಊರಲ್ಲಿ ಹೇಗಿರೋದು ನಾನು? ವಾರಕ್ಕೆರಡು ದಿನ ನೋಡಿದ್ರೇನೇ ಸಾಲ್ತಿರ್ಲಿಲ್ಲ." ಅವನು ಒಂದೇ ಉಸಿರಿಗೆ ಹೇಳಿದ. "ಎಂಟು ತಿಂಗಳಿಂದ ಹೇಳ್ಬೇಕು ಅಂತಿದೀನಿ. ನೀನು ಬೇಡ ಅಂದ್ಬಿಟ್ರೆ ಅನ್ನೋ ಭಯಕ್ಕೆ ಹೇಳ್ಲಿಲ್ಲ. ನಿನ್ನ ಮದ್ವೆ ಆಗ್ಬೇಕು ನಂಗೆ. ಪುಣೆಗೆ ಹೋಗು, ನಾನು ಕಾಯ್ತೀನಿ. ರಜೆ ಸಿಕ್ಕಿದಾಗೆಲ್ಲ ಟ್ರೈನ್ ಹತ್ತಿ ಬರ್ತೀನಿ. ಆಗ್ತೀಯಾ?"

ತೇಜುವಿನ ಕಣ್ಣು ತುಂಬಿ ಬಂತು. ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಎತ್ತಿ ತಡೆದ.

"ಇರು. ಮೊದ್ಲು ಕೇಳ್ಬೇಕಾದೋರನ್ನ ಕೇಳ್ತೀನಿ."

ಅವನು ಮನೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಅವನ ಅಮ್ಮ ನೀರಜಾ ಎತ್ತಿದರು.

"ಏನ್ ಪಾ, ಈ ಹೊತ್ತಲ್ಲಿ? ಮೈ ಸೆರಿ ಇಲ್ವಾ?"

"ಚೆನ್ನಾಗಿದೀನಿ ಅಮ್ಮ. ಒಂದು ವಿಷಯ. ತೇಜು ಅಂತ, ಮದ್ದೂರಿನ ಹುಡ್ಗಿ. ನಮ್ಮೋರಲ್ಲ, ಒಕ್ಕಲಿಗರು. ಅವಳ್ನ ಮದ್ವೆ ಆಗ್ಬೇಕು ಅಂತಿದೀನಿ."

ಅತ್ತ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಮತ್ತೇನೂ ಕೇಳಿಸಲಿಲ್ಲ. ಕರೆ ಕಟ್ಟಾಯಿತು.

ತೇಜು ಅವನ ಮುಖವನ್ನೇ ನೋಡಿದಳು. ಬದರಿ ಫೋನ್ ಕೆಳಗಿಟ್ಟ. ತೂಕದ ಬಟ್ಟುಗಳನ್ನು ಒಂದೊಂದಾಗಿ ಎತ್ತಿ ಅದರದರ ಗುಳಿಯಲ್ಲಿ ಕೂರಿಸಿ ಡಬ್ಬಿಯ ಮುಚ್ಚಳ ಹಾಕಿದ. 'ಮುಗೀತು,' ಎಂದುಕೊಂಡಳು ಅವಳು. 'ಎಲ್ಲ ಒಳಗಿಟ್ಕೊಳ್ತಿದಾನೆ. ಇನ್ನು ನಂಗೆ ಹೋಗು ಅಂತಾನೆ.' ಹೊರಡಲು ಬ್ಯಾಗು ಹೆಗಲಿಗೇರಿಸಿದಳು.

ಬದರಿ ಕೈ ಒರೆಸಿಕೊಂಡು ಮತ್ತೆ ಫೋನ್ ಹಚ್ಚಿದ.

ರಿಂಗಾಗಿ ರಿಂಗಾಗಿ ನಿಂತಿತು. ಅವನು ಮತ್ತೆ ಹಚ್ಚಿದ.

"ಎಷ್ಟು ಸಲ ಮಾಡ್ತೀಯ?" ಎಂದಳು ಅವಳು.

"ಎತ್ತೋವರೆಗೂ."

"ಎತ್ತಿ ಬೈದ್ರೆ?"

"ಬೈಸ್ಕೋತೀನಿ."

ತೇಜು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಬೆವರಿದ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಎತ್ತಿದ್ರೆ ನಂಗೂ ಕೊಡು. ಅರ್ಧ ಬೈಗುಳ ನಾನು ತಿಂತೀನಿ."

"ಅಂದ್ರೆ... ಆಗ್ತೀಯಾ?"

"ಆಗ್ದಿದ್ರೆ ನಿಮ್ಮಮ್ಮನ ಹತ್ರ ಯಾಕೋ ಬೈಸ್ಕೊಳ್ಲಿ ನಾನು?"

ಐದನೇ ಸಲಕ್ಕೆ ನೀರಜಮ್ಮ ಫೋನ್ ಎತ್ತಿದರು.